ಮೋಳಿಗೆಯ ಹೊರೆ

ಅರಸೊತ್ತಿಗೆಯನ್ನು ತೊರೆದವರ ಕಥೆಗಳು ನಮ್ಮ ಸಾಹಿತ್ಯಕ್ಕೆ ಹೊಸವಲ್ಲ. ತೊರೆದು ಕಾಡು ಸೇರಿದವರುಂಟು; ತಪಸ್ಸಿಗೆ ನಿಂತವರುಂಟು. ಆದರೆ ಸಿಂಹಾಸನದಿಂದಿಳಿದು ಪೇಟೆಯಲ್ಲಿ ಸೌದೆ ಮಾರಲು ನಿಂತವನ ಕಥೆ ಅಪರೂಪವಾದುದು. ಮೋಳಿಗೆ ಮಾರಯ್ಯನದು ಅಂಥ ಕಥೆ. ಮೋಳಿಗೆಯೆಂದರೆ ಸೌದೆಯ ಹೊರೆ. ಬಿಟ್ಟ ರಾಜ್ಯದಿಂದಲ್ಲ, ಹೊತ್ತ ಹೊರೆಯಿಂದಲೇ ಜನ ಅವನನ್ನು ಗುರುತಿಸಿದರು ಎಂಬುದನ್ನು ವಾಚಕರು ಮೊದಲಿಗೇ ಗಮನಿಸಬೇಕು.

ಈ ಕಥೆ ನಮಗೆ ದೂರದ್ದಲ್ಲ. ಜಹೀರಾಬಾದು, ನಾರಾಯಣಖೇಡಗಳು ೧೯೫೬ರವರೆಗೆ ಬೀದರ ಜಿಲ್ಲೆಗೆ ಸೇರಿದ್ದುವು. ಝರಾಸಂಗಮದ ಕೇತಕಿ ಸಂಗಮೇಶ್ವರನ ಸನ್ನಿಧಿಯಿಂದ ಹುಮನಾಬಾದಿನ ಕಡೆಗೆ, ಪಡುವಣಕ್ಕೆ ಸಾಗಿದರೆ ಬಸವಕಲ್ಯಾಣ. ಆ ಸೀಮೆಯಲ್ಲಿ ಮಾರಯ್ಯನ ಗವಿಯನ್ನು ಇಂದಿಗೂ ತೋರಿಸುತ್ತಾರೆ. ಗಡಿಯಲ್ಲಿರುವ ನಮಗೆ ಸಂತೋಷದ ಇನ್ನೊಂದು ಸಂಗತಿಯೆಂದರೆ, ಮಾರಯ್ಯನ ಕಥೆಯನ್ನು ತೆಲುಗಿನಲ್ಲಿ ಪಾಲ್ಕುರಿಕೆ ಸೋಮನಾಥನೂ ಬಸವಪುರಾಣದಲ್ಲಿ ಹೇಳಿದ್ದಾನೆ. ಆ ಪುರಾಣವನ್ನು ೧೩೬೯ರಲ್ಲಿ ಭೀಮಕವಿ ಕನ್ನಡಕ್ಕೆ ತಂದನು. ಶೂನ್ಯಸಂಪಾದನೆಯಲ್ಲಿಯೂ ಮಾರಯ್ಯನಿಗೆ ಪ್ರತ್ಯೇಕವಾದ ಪ್ರಕರಣವುಂಟು.

ಸಂಪ್ರದಾಯದ ಪ್ರಕಾರ ಮಾರಯ್ಯನು ಕಾಶ್ಮೀರದ ಅರಸು. ಹೆಸರು ಮಹಾದೇವ ಭೂಪಾಲ. ಬಸವಣ್ಣನವರ ಕೀರ್ತಿಯನ್ನು ಕೇಳಿ, ಪತ್ನಿ ಮಹಾದೇವಿಯೊಡನೆ ಕಲ್ಯಾಣಕ್ಕೆ ಬಂದು, ಸೌದೆ ಕಡಿದು ಮಾರುವ ಕಾಯಕವನ್ನು ಹಿಡಿದನು. ಇದು ಚರಿತ್ರೆಯೇ ಎಂದು ಕೇಳಿದರೆ ಹೌದೆನ್ನಲು ಆಧಾರ ಸಾಲದು. ಕಲ್ಹಣನು ರಾಜತರಂಗಿಣಿಯನ್ನು ಮುಗಿಸಿದ್ದು ಸುಮಾರು ೧೧೫೦ರಲ್ಲಿ. ಆಗ ಕಾಶ್ಮೀರವನ್ನು ಆಳುತ್ತಿದ್ದವನು ಜಯಸಿಂಹ. ಆ ಕಾಲದ ರಾಜಾವಳಿಯಲ್ಲಿ ಮಹಾದೇವನೆಂಬ ಅರಸನು ನಮಗೆ ಕಾಣಿಸುವುದಿಲ್ಲ. ಆದರೆ 'ನಿಃಕಳಂಕ ಮಲ್ಲಿಕಾರ್ಜುನ' ಎಂಬ ಅಂಕಿತದ ನೂರಾರು ವಚನಗಳು ನಮ್ಮ ಕೈಯಲ್ಲಿವೆ. ಕಿರೀಟದ ಮಾತು ಸಂದೇಹಾಸ್ಪದವಾದರೂ ಕಾಯಕದ ಮಾತು ಗಟ್ಟಿಯಾಗಿದೆ. ಆದುದರಿಂದ ಈ ಕಥೆಯನ್ನು ಕಥೆಯೆಂದೇ ಓದಿ, ಅದು ಹೇಳುವುದೇನೆಂದು ವಿಚಾರಿಸುವುದು ಯುಕ್ತ.

ತರಗತಿಯಲ್ಲಿ ನಾವು ಇದನ್ನು ಸಾಮಾನ್ಯವಾಗಿ 'ತ್ಯಾಗ' ಎಂಬ ಒಂದೇ ಪದದಲ್ಲಿ ಮುಗಿಸಿಬಿಡುತ್ತೇವೆ. ಅರಸು ರಾಜ್ಯವನ್ನು ಬಿಟ್ಟನು, ದೊಡ್ಡವನಾದನು, ಪಾಠ ಮುಗಿಯಿತು. ಈ ರೀತಿಯ ಬೋಧನೆಯಲ್ಲಿ ಒಂದು ದೋಷವಿದೆ. ಬಿಡುವ ಗಳಿಗೆಯೇ ಸಾಹಸವೆಂದು ಹುಡುಗರು ತಿಳಿಯುತ್ತಾರೆ. ಆದರೆ ಕಥೆಯಾದರೋ ಆ ಗಳಿಗೆಯ ಬಗ್ಗೆ ಹೆಚ್ಚು ಮಾತಾಡುವುದಿಲ್ಲ. ಅದರ ಲಕ್ಷ್ಯವೆಲ್ಲ ಆಮೇಲಿನ ದಿನಗಳ ಮೇಲೆ. ಕೊಡಲಿ, ಹೊರೆ, ಪೇಟೆ, ಮನೆಯ ಅಂಬಲಿ ಇವುಗಳ ಮೇಲೆ.

ಅಂಬಲಿಯ ಪ್ರಸಂಗವನ್ನೇ ನೋಡೋಣ. ಮಾರಯ್ಯನು ಮನೆಯಲ್ಲಿಲ್ಲದ ಹೊತ್ತಿಗೆ ಬಸವಣ್ಣನವರು ಜಂಗಮವೇಷದಿಂದ ಬಂದು ಮಹಾದೇವಿ ನೀಡಿದ ಅಂಬಲಿಯನ್ನು ಸವಿಯುತ್ತಾರೆ. ಮನೆಯ ಬಡತನಕ್ಕೆ ಮರುಗಿ ಹೊನ್ನನ್ನು ಗುಟ್ಟಾಗಿ ಇಟ್ಟು ಹೋಗುತ್ತಾರೆ. ಮಾರಯ್ಯನು ಬಂದು ನೋಡಿ, ಆ ಹೊನ್ನನ್ನು ತನಗಾಗಿ ಇಟ್ಟುಕೊಳ್ಳದೆ ಜಂಗಮರಿಗೆ ಕೊಟ್ಟುಬಿಡುತ್ತಾನೆ. ಇಲ್ಲಿ ಬಸವಣ್ಣನವರ ಕರುಣೆಯಲ್ಲಿ ಒಂದು ಸೂಕ್ಷ್ಮವಾದ ತಪ್ಪಿದೆಯೆಂದು ನಮಗೆ ತೋರುತ್ತದೆ. ಅವರು ಕಂಡದ್ದು ಕಷ್ಟಕ್ಕೆ ಸಿಕ್ಕ ಅರಸನನ್ನು. ಮನೆಯಲ್ಲಿದ್ದವನಾದರೋ ತನ್ನ ಕಾಯಕದಿಂದ ಉಣ್ಣುವ ಸೌದೆಗಾರ. ಹೊನ್ನನ್ನು ಉಳಿಸಿಕೊಂಡಿದ್ದರೆ ಅವನು ಮತ್ತೆ ಮಾಜಿ ಅರಸನೇ ಆಗುತ್ತಿದ್ದನು.

ಪುರಾಣ ಇಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಸೌದೆಯೇ ಚಿನ್ನವಾಯಿತೆಂಬ ಪವಾಡವನ್ನು ಅದು ಮುಂದೆ ಸೇರಿಸುತ್ತದೆ. ಭಕ್ತರಿಗೆ ಇದು ಪ್ರಿಯವಾದ ಭಾಗ. ಆದರೆ ಕಥೆಯ ದೃಷ್ಟಿಯಿಂದ ಇದು ನಷ್ಟವೆಂದೇ ನಮ್ಮ ಮತ. ಬೇಕೆಂದಾಗ ಚಿನ್ನ ಮಾಡಬಲ್ಲವನಿಗೆ ಸೌದೆ ಹೊರುವುದು ಲೀಲೆಯಾದೀತೇ ಹೊರತು ಜೀವನವಾಗದು. ಅಂಬಲಿಯ ರುಚಿಯಿಂದ ಸಿದ್ಧಿಸಿದ್ದನ್ನು ಚಿನ್ನದ ಹೊಳಪು ಮಂಕಾಗಿಸುತ್ತದೆ.

ಈ ನಷ್ಟವನ್ನು ತುಂಬಿಕೊಡುವವಳು ಮಹಾದೇವಿ. ಅವಳೂ ರಾಣಿಯಾಗಿದ್ದವಳು, ಬಿಟ್ಟದ್ದು ಅವಳೂ ಅಷ್ಟೇ. ಮುಂದೆ ಮಾರಯ್ಯನು ಶಿವೈಕ್ಯವನ್ನು ಬಯಸಿದಾಗ ಅವಳು ಅವನನ್ನು ಪ್ರಶ್ನಿಸುತ್ತಾಳೆ. ದೇಶಕೋಶಗಳನ್ನು ಬಿಟ್ಟು ಕಾಯಕಕ್ಕೆಂದು ಬಂದವರಿಗೆ ಕೈಲಾಸವೆಂಬ ಇನ್ನೊಂದು ಗಳಿಕೆಯ ಆಸೆಯೇಕೆ ಎಂಬುದು ಅವಳ ಮಾತಿನ ತಾತ್ಪರ್ಯ. ಪತಿ ರಾಜ್ಯವನ್ನು ಬಿಟ್ಟಿದ್ದನು. ಬಿಟ್ಟದ್ದಕ್ಕೆ ಪ್ರತಿಫಲ ಬೇಡುವ ಮನಸ್ಸನ್ನು ಇನ್ನೂ ಬಿಟ್ಟಿರಲಿಲ್ಲ. ಇದನ್ನು ಕಂಡವಳು ದಿನವೂ ಅವನ ಅಂಬಲಿ ಕಾಯಿಸಿದವಳು. ಐದಕ್ಕಿ ಲಕ್ಕಮ್ಮನೂ ತನ್ನ ಪತಿ ಮಾರಯ್ಯನು ಹೆಚ್ಚಾಗಿ ತಂದ ಅಕ್ಕಿಯನ್ನು ಹಿಂದಕ್ಕೆ ಕಳಿಸಿದವಳೆಂಬುದು ಇಲ್ಲಿ ನೆನಪಾಗುತ್ತದೆ. ಶರಣರ ಕಥೆಗಳಲ್ಲಿ ಕಡೆಯ ಪರೀಕ್ಷಕರು ಅನೇಕ ವೇಳೆ ಮನೆಯೊಳಗೇ ಇದ್ದಾರೆ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಅರಸನಿಗೆ ಬಿಡಲು ರಾಜ್ಯವಿತ್ತು. ತಿಂಗಳ ಸಂಬಳವನ್ನೇ ನಂಬಿದ ಸಂಸಾರಿಗೆ, ಅಪ್ಪನ ಎರಡೆಕರೆಯೇ ಗತಿಯಾದ ಹುಡುಗನಿಗೆ ಈ ಕಥೆಯಿಂದ ಏನು ಪ್ರಯೋಜನ? ಆಕ್ಷೇಪಣೆ ನ್ಯಾಯವಾದುದು. ಎಲ್ಲರೂ ಇದ್ದುದನ್ನು ಬಿಟ್ಟು ಹೊರಡಿರಿ ಎಂದು ಈ ಕಥೆಯಿಂದ ಉಪದೇಶಿಸುವವರು ಕಥೆಯನ್ನೂ ತಿಳಿದಿಲ್ಲ, ಹಸಿವನ್ನೂ ತಿಳಿದಿಲ್ಲ. ಆದರೆ ಒಗ್ಗದ ಕೆಲಸದಲ್ಲಿ ಮನಸ್ಸು ಮುರುಟುತ್ತಿರುವವರು ನಮ್ಮಲ್ಲಿ ಇದ್ದೇ ಇದ್ದಾರೆ. ಅವರು ಸಾಮಾನ್ಯವಾಗಿ ಕೇಳಿಕೊಳ್ಳುವ ಪ್ರಶ್ನೆ 'ಇದನ್ನು ಬಿಡಲೇ?' ಎಂಬುದು. ಮಾರಯ್ಯನ ಕಥೆ ಬೇರೆ ಪ್ರಶ್ನೆಗಳನ್ನು ಕೇಳುತ್ತದೆ. ನಾಳೆ ಹೊರಬೇಕಾದ ಹೊರೆ ಯಾವುದು? ಹಳೆಯ ಹೆಸರಿನ ಮರ್ಯಾದೆ ಇಲ್ಲದೆ ಅದನ್ನು ಹೊರಬಲ್ಲೆವೇ? ಜೊತೆಗೆ ಬರುವವರು ಮನಸ್ಸೊಪ್ಪಿ ಬರುತ್ತಿದ್ದಾರೆಯೇ? ಈ ಮೂರಕ್ಕೂ ಉತ್ತರವಿದ್ದವನಿಗೆ ಬಿಡುವುದು ಕಷ್ಟವಾಗದು. ಉತ್ತರವಿಲ್ಲದವನು ಬಿಟ್ಟರೂ ಇದ್ದಲ್ಲೇ ಇರುತ್ತಾನೆ.

ಮುಂದಿನ ಸಲ ಈ ಪಾಠವನ್ನು ಮಾಡುವ ಉಪಾಧ್ಯಾಯ ಬಂಧುಗಳು ಸಿಂಹಾಸನದ ವರ್ಣನೆಯನ್ನು ಕೊಂಚ ಕಡಿಮೆ ಮಾಡಲಿ. ಆ ಮನೆಯಲ್ಲಿ ಅಂಬಲಿಯನ್ನು ಕಾಯಿಸಿದವರು ಯಾರು, ಆಕೆ ಕೊನೆಗೆ ಏನು ಕೇಳಿದಳು ಎಂಬುದನ್ನು ವಿದ್ಯಾರ್ಥಿಗಳಿಂದಲೇ ಹೇಳಿಸಲಿ.