ಕೆಂಪು ಚಂದ್ರನನ್ನು ಕೋಟೆಯ ಮೇಲೆ ಕೂರಿಸಬೇಡಿ

ಮಧುಗಿರಿ ಬೆಟ್ಟದ ಕೋಟೆಯ ಮೇಲೆ ಬಂಡಿಚಕ್ರದಂಥ ಕೆಂಪು ಚಂದ್ರ ಕೂತಿರುವ ಚಿತ್ರವೊಂದು ಮತ್ತೆ ಮೊಬೈಲಿಗೆ ಬಂದಿದೆ. ‘2025ರ ಸೆಪ್ಟೆಂಬರ್ 7ರ ಗ್ರಹಣ, ಸ್ಟ್ಯಾಕ್ ಮಾಡಿದ್ದು’ ಎಂಬ ಒಕ್ಕಣೆ ಬೇರೆ.

ಅಂದು ಖಗ್ರಾಸ ಹಿಡಿದದ್ದು ರಾತ್ರಿ 11ರ ಸುಮಾರಿಗೆ, ಬಿಟ್ಟದ್ದು 12.22ರ ಹೊತ್ತಿಗೆ. ಆ 82 ನಿಮಿಷವೂ ಚಂದ್ರ ನಮ್ಮ ಸೀಮೆಯ ಆಕಾಶದಲ್ಲಿ 60 ಡಿಗ್ರಿಗೂ ಮೇಲಿದ್ದ. ಇಡೀ ಬೆಟ್ಟ ಕಾಣುವಷ್ಟು ದೂರದಲ್ಲಿ ನಿಂತವರಿಗೆ ಅವನು ಕೋಟೆಯ ಮೇಲೆ ಸಿಗುವ ಮಾತೇ ಇರಲಿಲ್ಲ. ಗಾತ್ರವೂ ಸುಳ್ಳು. ಚಂದ್ರನ ಅಗಲ ಅರ್ಧ ಡಿಗ್ರಿ. ನಾಲ್ಕು ಕಿಲೋಮೀಟರ್ ದೂರದಿಂದ ನೋಡಿದರೆ ಅವನು ಬಂಡೆಯ ಮೂವತ್ತೈದು ಮೀಟರಿನಷ್ಟನ್ನು ಮುಚ್ಚಿಯಾನು, ಅಷ್ಟೆ. ಅಂಟಿಸಿದ್ದನ್ನು ಅಂಟಿಸಿದ್ದು ಎನ್ನಲಿ, ನನ್ನ ತಕರಾರಿಲ್ಲ. ಸ್ಟ್ಯಾಕಿಂಗ್ ಎಂದರೆ ಮಾತ್ರ ಸುಮ್ಮನಿರಲಾರೆ.

ಸ್ಟ್ಯಾಕಿಂಗ್ ಹುಟ್ಟಿದ್ದೇ ಬೇರೆ ಕಷ್ಟಕ್ಕೆ. ಖಗ್ರಾಸದಲ್ಲಿ ಬೆಳಕು ತೀರಾ ಕಡಿಮೆ, ಶಟರ್ ಹೆಚ್ಚು ಹೊತ್ತು ತೆರೆದಿಡಬೇಕು. ಆದರೆ ಭೂಮಿ ತಿರುಗುತ್ತಿದೆ. 400 ಎಂಎಂ ಲೆನ್ಸಿನಲ್ಲಿ ಒಂದು ಸೆಕೆಂಡಿಗೇ ಅಂಚು ಕದಡುತ್ತದೆ. ಆಕಾಶದೊಂದಿಗೆ ಕ್ಯಾಮೆರಾ ತಿರುಗಿಸುವ ಟ್ರ್ಯಾಕರ್ ಇಲ್ಲದವರು ಐಎಸ್‌ಒ ಏರಿಸಿ, ಅರ್ಧ ಸೆಕೆಂಡಿನೊಳಗಿನ ಫ್ರೇಮುಗಳನ್ನು ಸಾಲಾಗಿ ತೆಗೆಯಬೇಕು. ಒಂದೊಂದರಲ್ಲೂ ಕಾಳುಕಾಳು ನಾಯ್ಸ್. ಹದಿನಾರು ಫ್ರೇಮ್ ಒಂದರ ಮೇಲೊಂದು ಕೂರಿಸಿ ಸರಾಸರಿ ತೆಗೆದರೆ ನಾಯ್ಸ್ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಚಂದ್ರನ ಮೇಲಿದ್ದದ್ದು ಉಳಿಯುತ್ತದೆ, ಇಲ್ಲದ್ದು ಹೋಗುತ್ತದೆ. ಆ ಹದಿನಾರೂ ಒಂದು ನಿಮಿಷದೊಳಗಿನವಾಗಿರಲಿ, ನೆರಳು ಕಾಯುವುದಿಲ್ಲ. ಚಂದ್ರನಿಗೆ ಹೊಂದಿಸಿದರೆ ನಕ್ಷತ್ರ ಎಳೆದುಕೊಳ್ಳುತ್ತದೆ, ನಕ್ಷತ್ರಕ್ಕೆ ಹೊಂದಿಸಿದರೆ ಚಂದ್ರ. ನಾನು ಯಾವಾಗಲೂ ಚಂದ್ರನ ಕಡೆಯವನು.

ಬಣ್ಣದ ವಿಷಯಕ್ಕೆ ನಾನು ಮತ್ತೆ ಮತ್ತೆ ಹೋಗುವುದು ಹಳೆಯ ಖಗೋಳ ಗ್ರಂಥ ಸೂರ್ಯಸಿದ್ಧಾಂತಕ್ಕೆ. ಗ್ರಹಣದ ನಕ್ಷೆ ಬರೆಯುವ ಬಗೆ ಹೇಳುವ ಅಧ್ಯಾಯದಲ್ಲಿ ಹಿಡಿತದ ಹಂತಕ್ಕೆ ತಕ್ಕಂತೆ ನಾಲ್ಕು ಬಣ್ಣ ಹೇಳಿದೆ: ಅರ್ಧಕ್ಕಿಂತ ಕಡಿಮೆ ಹಿಡಿದಾಗ ಹೊಗೆಬಣ್ಣ, ಅರ್ಧ ದಾಟಿದಾಗ ಕಪ್ಪು, ಆಮೇಲೆ ಕಪ್ಪು ಬೆರೆತ ತಾಮ್ರ, ಪೂರ್ತಿ ಹಿಡಿದಾಗ ಕಪಿಲ, ಅಂದರೆ ಕಂದುಗೆಂಪು. ಬರಿಗಣ್ಣಿನವರ ಈ ಪಟ್ಟಿಯನ್ನು ಕ್ಯಾಮೆರಾ ಇವತ್ತಿಗೂ ಒಪ್ಪುತ್ತದೆ. ಅರ್ಧ ಹಿಡಿದ ಹೊತ್ತಿಗೆ ಉಳಿದ ಅರ್ಧದ ಬೆಳಕಿಗೆ ಎಕ್ಸ್‌ಪೋಷರ್ ಹೊಂದಿಸಿದರೆ ನೆರಳು ಕಪ್ಪಾಗಿಯೇ ಬರುತ್ತದೆ. ಖಗ್ರಾಸಕ್ಕೆ ಒಂದೆರಡು ನಿಮಿಷ ಮುಂಚೆ ನೆರಳಿನ ಅಂಚಿನಲ್ಲಿ ತೆಳು ನೀಲಿಯೂ ಸಿಗುತ್ತದೆ: ಮೇಲಿನ ವಾಯುಮಂಡಲದ ಓಝೋನ್ ಕೆಂಪನ್ನು ಹೀರಿ ಬಿಟ್ಟುಕೊಟ್ಟ ಬೆಳಕು ಅದು. ಸ್ಯಾಚುರೇಷನ್ ಎಳೆದು ಇಡೀ ಬಿಂಬಕ್ಕೆ ಒಂದೇ ಕುಂಕುಮ ಬಳಿಯುವವರು ಮೊದಲು ಅಳಿಸುವುದೇ ಈ ನೀಲಿಯನ್ನು.

ಹೇಳಲೇಬೇಕಾದ ಇನ್ನೊಂದಿದೆ. ಆ ರಾತ್ರಿ ಚಂದ್ರನಿಗೆ ಪೂರ್ವದಲ್ಲಿ, ಸುಮಾರು ಹದಿನೈದು ಡಿಗ್ರಿ ಆಚೆ, ಶನಿಯಿದ್ದ. ಶನಿಮಹಾತ್ಮನ ಊರಾದ ಪಾವಗಡದ ಆಕಾಶದಲ್ಲಿ ಶನಿ ಮತ್ತು ಗ್ರಹಣದ ಚಂದ್ರ ಒಂದೇ ಚೌಕಟ್ಟಿಗೆ, ಸಾಧಾರಣ 50 ಎಂಎಂ ಲೆನ್ಸಿಗೇ ಸಿಗುವಂತಿತ್ತು! ಏನೂ ಅಂಟಿಸಬೇಕಿರಲಿಲ್ಲ.

ನಮಗೆ ಮುಂದಿನ ದೊಡ್ಡ ಅವಕಾಶ 2028ರ ಡಿಸೆಂಬರ್ 31. ರಾತ್ರಿ 9.47ರ ಸುಮಾರಿಗೆ ಶುರುವಾಗಿ 71 ನಿಮಿಷ ಖಗ್ರಾಸ. ಸೆಪ್ಟೆಂಬರಿನ ಮೋಡದ ಕಾಟ ಡಿಸೆಂಬರಿನಲ್ಲಿ ಇಲ್ಲಿ ಕಡಿಮೆ. ಚಂದ್ರ ಅಂದೂ ಎತ್ತರದಲ್ಲೇ ಇರುತ್ತಾನೆ, ಬೆಟ್ಟದ ಆಸೆ ಬಿಡಿ. ಶಿರಾದ ಹೆದ್ದಾರಿ ದೀಪಗಳಿಂದ ದೂರ ಹೋಗಿ, ರಾ ಫೈಲಿನಲ್ಲೇ ತೆಗೆಯಿರಿ, ಬಿಡಿ ಫ್ರೇಮುಗಳನ್ನು ಅಳಿಸಬೇಡಿ. ಚಿತ್ರದ ಕೆಳಗೆ ಎಷ್ಟು ಫ್ರೇಮ್, ಎಷ್ಟು ಗಂಟೆಗೆ, ಯಾವ ಊರಿಂದ ಎಂದು ಬರೆಯಿರಿ.