ಸುಳಿಯ ಬಣ್ಣ

ಹೈದರಾಬಾದಿನ ನಮ್ಮ ಫ್ಲಾಟಿನ ಕಿಟಕಿಗೆ ಕಾಣುವುದು ಬಂಡೆ, ನೀರಿನ ಟ್ಯಾಂಕರು; ಹೊಳೆಯಿಲ್ಲ. ಅದಕ್ಕೇ ಇರಬೇಕು, ಪುಸ್ತಕವೊಂದರಲ್ಲಿ ಕೃಷ್ಣಾ ರೆಡ್ಡಿಯವರ 1963ರ ಮುದ್ರಣಚಿತ್ರ ‘ವರ್ಲ್‌ಪೂಲ್’ ಕಂಡಾಗ ಪುಟ ತಿರುಗಿಸಲಾಗಲಿಲ್ಲ. ಚಿತ್ತೂರು ಜಿಲ್ಲೆಯಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ದುಡಿದ ಅವರ ಲೆಕ್ಕವೇ ಬೇರೆ: ತಗಡು ಒಂದೇ, ಕೊರೆದ ಆಳ ಹಲವು. ಅಗಸೆ ಎಣ್ಣೆ ಹೆಚ್ಚುಕಡಿಮೆ ಮಾಡಿದ ಶಾಯಿಗಳು ಬೆರೆತುಹೋಗದೆ ಕೂರುತ್ತವೆ. ಪ್ರೆಸ್ಸಿನಲ್ಲಿ ಒಂದೇ ಸಲಕ್ಕೆ ಎಲ್ಲ ಬಣ್ಣ. ನೀರೂ ಹಾಗೇ ಅಲ್ಲವೇ, ಮೇಲೆ ಬೆಳಕು, ಆಳದಲ್ಲಿ ಕತ್ತಲೆ? ನನ್ನದೊಂದು ತಕರಾರು: ಈ ಸುಳಿಯಲ್ಲಿ ಭಯವಿಲ್ಲ. ತುಂಗೆಯ ಸುಳಿ ನನ್ನ ತಮ್ಮನನ್ನು ಒಯ್ದದ್ದು ನಡುಮಧ್ಯಾಹ್ನದ ಬಿಸಿಲಿನಲ್ಲಿ. ಆಮೇಲೆ ನಾನು ಹೊಳೆಗೆ ಇಳಿದಿಲ್ಲ. ಆದರೂ, ಆವತ್ತು ಆ ನೀರು ಚಂದವೂ ಇತ್ತು ಅಂತ ಈ ಚಿತ್ರದ ಮುಂದೆ ಒಪ್ಪಿಕೊಂಡೆ.