ಸುರಪುರ ಚಿತ್ರಗಳ ಬಟ್ಟೆಮುದ್ರಣ: ವರ್ಣವಿಭಜನೆಯ ತೊಡಕು

ಯಾದಗಿರಿ ಜಿಲ್ಲೆಯ ಸುರಪುರದಲ್ಲಿ ನಾಯಕ ಅರಸರ ಆಶ್ರಯದಲ್ಲಿ ಬೆಳೆದ, ಗರುಡಾದ್ರಿ ಮನೆತನದ ಕಲಾವಿದರಿಂದ ಹೆಸರಾದ ಚಿತ್ರಗಳ ಸತ್ತ್ವವು ಎರಡರಲ್ಲಿದೆ: ನವಿರಾದ ರೇಖೆ, ಬಂಗಾರದ ಬಳಕೆ. ಇಂತಹ ಚಿತ್ರವೊಂದನ್ನು ಸ್ಕ್ರೀನ್ ಪ್ರಿಂಟಿಂಗ್ ಮೂಲಕ ಕಪ್ಪು ಬಟ್ಟೆಗೆ ಇಳಿಸಹೊರಟ ಹೊಸಬರು ಎಡವುವುದೂ ಇವೆರಡರಲ್ಲಿಯೇ. ಕಾಗದಮುದ್ರಣದ ರೂಢಿಯಂತೆ ಚಿತ್ರವನ್ನು ಸಯಾನ್, ಮಜೆಂಟಾ, ಹಳದಿ, ಕಪ್ಪು ಎಂದು ನಾಲ್ಕಾಗಿ ಒಡೆದರೆ, ಪಾರದರ್ಶಕವಾದ ಆ ಶಾಯಿಗಳನ್ನು ಕಪ್ಪು ಬಟ್ಟೆ ನುಂಗಿಬಿಡುತ್ತದೆ.

'ಸಿಮ್ಯುಲೇಟೆಡ್ ಪ್ರೋಸೆಸ್' ವಿಭಜನೆಯ ಹಾದಿ ಬೇರೆ. ಚಿತ್ರದಲ್ಲಿ ಪ್ರಧಾನವಾದ ಬಣ್ಣಗಳನ್ನೇ ಆರಿಸಿ, ಒಂದೊಂದಕ್ಕೂ ಅಪಾರದರ್ಶಕ ಶಾಯಿ, ಪ್ರತ್ಯೇಕ ಸ್ಕ್ರೀನು. ಅಡಿಯಲ್ಲಿ ಬಿಳಿಯ ತಳಪದರ. ಛಾಯೆಯ ಏರಿಳಿತವನ್ನು ಹಾಫ್‌ಟೋನ್ ಚುಕ್ಕೆಗಳು ಕೊಡುತ್ತವೆ. ಅಂಗುಲಕ್ಕೆ 55 ಸಾಲು ಚುಕ್ಕೆಗಳಾದರೆ ಜಾಲರಿಯ ಎಳೆಗಳು ಅದರ ನಾಲ್ಕೈದು ಪಟ್ಟು, ಎಂದರೆ 230ರಿಂದ 280ರ ಆಸುಪಾಸಿನಲ್ಲಿರುವುದು ಲೇಸು.

ಆದರೆ ಈ ವಿಧಾನವು ಮುಖ್ಯವಾಗಿ ಛಾಯಾಚಿತ್ರದಂತಹ ಮೂಲಗಳಿಗೆ ಒಗ್ಗಿದುದು. ಸುರಪುರದ ಚಿತ್ರ ಅಂತಹುದಲ್ಲ. ರೇಖೆಯನ್ನು ಚುಕ್ಕೆಗಳಾಗಿ ಒಡೆದರೆ ಅದರ ಅಂಚು ಗರಗಸದಂತಾಗುತ್ತದೆ. ಅದಕ್ಕೆ ಚುಕ್ಕೆಯಿಲ್ಲದ ಬೇರೆ ಸ್ಕ್ರೀನೇ ಬೇಕು. ಬಂಗಾರವಂತೂ ಸ್ಕ್ಯಾನರಿನ ಕಣ್ಣಿಗೆ ಬರಿಯ ಕಂದು-ಹಳದಿ. ತಂತ್ರಾಂಶವು ಅದನ್ನು ಹಾಗೆಯೇ ವಿಭಜಿಸಿ ಹಾಕುತ್ತದೆ. ಅದನ್ನು ಕೈಯಿಂದ ಗುರುತಿಸಿ ಬೇರ್ಪಡಿಸಿ, ಲೋಹದ ಹೊಳಪಿನ ಶಾಯಿಯಲ್ಲಿ, ಅದರ ಕಣಗಳು ಸಿಕ್ಕಿಕೊಳ್ಳದಷ್ಟು ದೊಡ್ಡ ಕಣ್ಣಿನ ಜಾಲರಿಯಿಂದ ಕೊನೆಯಲ್ಲಿ ಒತ್ತಬೇಕಾಗುತ್ತದೆ.